ಅಣ್ಣ ಆಗಿದ್ದ ನಾಲ್ಕು ತಿಂಗಳು

ನಾಲ್ಕು ತಿಂಗಳು ನಾನು ಫೇಸ್‌ಬುಕ್ಕಿನಲ್ಲಿ ಗಂಡಸಾಗಿದ್ದೆ. ಬೇಕು ಅಂತ ಆದದ್ದಲ್ಲ. ಕನ್ನಡ ವ್ಯಾಕರಣ ಮಾಡಿದ ಕೆಲಸ ಅದು.

ನಮ್ಮ ತೋಟ ಇರುವುದು ಸಕಲೇಶಪುರ ತಾಲ್ಲೂಕಿನಲ್ಲಿ, ಹಾನುಬಾಳಿನ ಕಡೆ. ಮೂರೂವರೆ ಎಕರೆ. ರೋಬಸ್ಟಾ ಜಾಸ್ತಿ, ಮೇಲಿನ ಮೂಲೆಯಲ್ಲಿ ಒಂದಿಷ್ಟು ಅರೇಬಿಕಾ, ಸಿಲ್ವರ್ ಮರಗಳಿಗೆಲ್ಲ ಮೆಣಸಿನ ಬಳ್ಳಿ. 2021ರ ಮೇ ತಿಂಗಳು, ಎರಡನೇ ಲಾಕ್‌ಡೌನ್. ಸಂತೆ ಇಲ್ಲ, ಮದುವೆ ಇಲ್ಲ, ಕೆಲಸಕ್ಕೆ ಬರುವವರೂ ಅರ್ಧಕ್ಕರ್ಧ. ಮಗಳು ಹೊಸ ಫೋನು ತಗೊಂಡು ಹಳೇದನ್ನು ನನಗೆ ಕೊಟ್ಟಳು. ಸುಮ್ನೆ ಕೂರಲಾರದೆ ತೋಟದ ಹೆಸರಿನಲ್ಲಿ ಒಂದು ಪೇಜ್ ಶುರು ಮಾಡಿದೆ. ಅದರ ಹೆಸರು ಇಲ್ಲಿ ಬೇಡ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಹಾಕಿದ್ದು ಬೋರ್ಡೋ ದ್ರಾವಣದ ವಿಷಯ. ಮಳೆ ಹಿಡಿಯುವ ಮುಂಚೆ ಬಳ್ಳಿಗೆ ಬೋರ್ಡೋ ಹೊಡೆಯದಿದ್ದರೆ ಸೊರಗು ರೋಗ ಬಂದು ಬಳ್ಳಿ ನಿಂತಲ್ಲೇ ಸಾಯುತ್ತದೆ. 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಎರಡನ್ನೂ ಬೇರೆ ಬೇರೆ ಕರಗಿಸಬೇಕು. ಆಮೇಲೆ ಸುಣ್ಣದ ನೀರಿಗೆ ತುತ್ತದ ನೀರು ಹುಯ್ಯಬೇಕು. ಉಲ್ಟಾ ಮಾಡಿದರೆ ಕೆಡುತ್ತದೆ. ಕಬ್ಬಿಣದ ಡ್ರಮ್ ಬೇಡ, ಪ್ಲಾಸ್ಟಿಕ್ಕೇ ಆಗಬೇಕು. ಕೊನೆಗೆ ಒಂದು ಚಾಕು ಅದ್ದಿ ನೋಡಬೇಕು. ಅಲಗು ಕೆಂಪಗಾದರೆ ಸುಣ್ಣ ಸಾಲದು ಅಂತ ಅರ್ಥ. ಇಷ್ಟನ್ನೇ ನಾಲ್ಕು ಫೋಟೋ ಜೊತೆ ಬರೆದೆ. ಡ್ರಮ್ಮಿನ ಫೋಟೋ, ಸುಣ್ಣದ ಚೀಲದ ಫೋಟೋ. ನನ್ನದಿಲ್ಲ. ಆ ಹೊತ್ತಿಗೆ ನನ್ನ ಮುಖ ನೋಡುವಂತಿರಲಿಲ್ಲ, ಮೂಗಿನ ತುಂಬ ಸುಣ್ಣ.

ಕಾಮೆಂಟು ಬಂದವು. "ಅಣ್ಣ ಒಳ್ಳೆ ಮಾಹಿತಿ." "ಸಾರ್, ಸುಣ್ಣ ಎಲ್ಲಿಂದ ತರಿಸ್ತೀರ?" "ಬಾಸ್, ಎಕರೆಗೆ ಎಷ್ಟು ಡ್ರಮ್ ಬೇಕಾಯ್ತು?"

ಅಣ್ಣ ಯಾಕಾದೆ ಅಂತ ಹಿಂದಕ್ಕೆ ಹೋಗಿ ಓದಿ ನೋಡಿದೆ. "ಕರಗಿಸಿದೆ, ಹುಯ್ದೆ, ಚಾಕು ಅದ್ದಿದೆ, ನೋಡಿದೆ." ಎಲ್ಲೂ ಹೆಣ್ಣಿನ ಗುರುತಿಲ್ಲ. ಹಿಂದಿಯವರು ನಾನು ಹೋಗುತ್ತೇನೆ ಅನ್ನುವಾಗಲೇ ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ನಮ್ಮಲ್ಲಿ ಹಾಗಿಲ್ಲ. ನಾನು ಬಂದೆ, ನೀನು ಬಂದೆ, ಯಾರು ಬೇಕಾದರೂ ಆಗಬಹುದು. ಬಂದನು, ಬಂದಳು ಅನ್ನೋದು ಶುರುವಾಗುವುದೇ ಇನ್ನೊಬ್ಬರು ನಮ್ಮ ಬಗ್ಗೆ ಮಾತಾಡುವಾಗ. ಅಲ್ಲೂ ಮರ್ಯಾದೆ ಕೊಟ್ಟು ಬಂದರು ಅಂದರೆ ಗಂಡು ಹೆಣ್ಣು ಮತ್ತೆ ಒಂದೇ. ಹೆಣ್ಣು ಅನ್ನೋ ಮುದ್ರೆ ಕ್ರಿಯಾಪದಕ್ಕೆ ಬೀಳಬೇಕಾದರೆ ಬೇರೆಯವರ ಬಾಯಿಗೆ ಬೀಳಬೇಕು. ಅದೂ ಅವರು ಸಲಿಗೆಯಲ್ಲಿದ್ದಾಗ, ಇಲ್ಲ ಮರ್ಯಾದೆ ಬಿಟ್ಟಾಗ.

ನಾನು ತಿದ್ದಲು ಹೋಗಲಿಲ್ಲ. ಯಾಕೆ ಸುಳ್ಳು ಹೇಳಲಿ, ಚೆನ್ನಾಗಿತ್ತು. ಮೂಡಿಗೆರೆ ಕಡೆಯ ಒಬ್ಬರು ಸುಣ್ಣದ ಲೆಕ್ಕದ ಮೇಲೆ ಜಗಳಕ್ಕೆ ಬಂದರು. ಸುಟ್ಟ ಸುಣ್ಣಕ್ಕೂ ಪ್ಯಾಕೆಟ್ ಸುಣ್ಣಕ್ಕೂ ಒಂದೇ ತೂಕ ಹೇಗಾಗುತ್ತದೆ, ಪ್ಯಾಕೆಟ್ಟಿನದು ಜಾಸ್ತಿ ಬೇಕು ಅಂತ. ಅವರ ಮಾತು ಸರಿಯೇ ಇತ್ತು. ಅದಕ್ಕೇ ಚಾಕು ಅದ್ದಿ ನೋಡಿ ಅಂದದ್ದು ಅಂತ ನಾನು. ಎರಡು ದಿನ ನಡೆಯಿತು. "ಅಣ್ಣ, ನಿಮ್ಮ ಮಾತು ಒಪ್ತೀನಿ, ಆದ್ರೆ..." ಅಂತಲೇ ಅವರ ಪ್ರತಿ ಸಾಲು ಶುರು. ಅಷ್ಟು ಒಳ್ಳೇ ಜಗಳ ನಾನು ಜನ್ಮದಲ್ಲಿ ಆಡಿರಲಿಲ್ಲ. ಜಗಳ ಸುಣ್ಣದ ಮೇಲೆ ಶುರುವಾಗಿ ಸುಣ್ಣದ ಮೇಲೇ ಮುಗಿಯಿತು.

ಸೆಪ್ಟೆಂಬರಿನಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಾಗ ಎರಡನೇ ಸಲ ಹೊಡೆದೆವು. ಈ ಸಲ ಚಾಕು ಅದ್ದುವುದನ್ನು ವಿಡಿಯೋ ಮಾಡೋಣ ಅಂತ ಮಗಳು ಅಂದಳು. ಕಾಣುವುದು ಕೈ ಮಾತ್ರ, ಮಾತು ನನ್ನದು. ಮಧ್ಯದಲ್ಲಿ ನಾಯಿ ಬಂದು ಬಕೆಟ್ಟಿಗೆ ಮೂತಿ ಇಡಲು ಹೋಯಿತು, ನನಗೆ ನಗು ಬಂತು. ಮಗಳು ಅದನ್ನೂ ಹಾಗೇ ಬಿಟ್ಟಳು.

ಹದಿನೈದೋ ಇಪ್ಪತ್ತೋ ಕಾಮೆಂಟು ಬರುತ್ತಿದ್ದ ಪೇಜಿಗೆ ಮಾರನೇ ದಿನ ನೂರಾ ನಲವತ್ತು ಬಂದಿದ್ದವು. ಚಾಕುವಿನ ಬಗ್ಗೆ ಒಂದೂ ಇಲ್ಲ.

"ವಾಯ್ಸ್ ಸೂಪರ್ ಆಂಟಿ." "ಫೇಸ್ ತೋರ್ಸಿ ಆಂಟಿ." "ನಿಮ್ಮೆಜಮಾನ್ರು ಎಲ್ಲಿ?" "ಹೆಣ್ಣಿನ ಬುದ್ಧಿ ಮೊಣಕಾಲ ಕೆಳಗೆ ಅಂತ ಸುಮ್ನೆ ಹೇಳಿಲ್ಲ." "ಸುಣ್ಣದ ಲೆಕ್ಕ ಗಂಡನ್ನ ಕೇಳ್ಕೊಂಡ್ ಬಂದು ಹೇಳಮ್ಮ."

ಗಂಡನನ್ನು ಕೇಳೋಣ ಅಂದರೆ ಅವರು 2017ರಲ್ಲೇ ಹೋದರು. ಇದ್ದಾಗಲೂ ಸುಣ್ಣದ ಲೆಕ್ಕ ನನ್ನದೇ. ಅವರಿಗೆ ಲೆಕ್ಕ ಅಂದರೆ ತಲೆನೋವು, ಪಾಪ.

ಸುಣ್ಣದ ಜಗಳದವರು ಕೂಡ ಬಂದಿದ್ದರು. "ಇವಳ ಮಾತು ನಂಬ್ಕೊಂಡು ಯಾರೂ ತೋಟ ಹಾಳ್ಮಾಡ್ಕೋಬೇಡ್ರಪ್ಪ." ಅದೇ ಸುಣ್ಣ, ಅದೇ ಚಾಕು. ಮೇ ತಿಂಗಳಿನಲ್ಲಿ "ನಿಮ್ಮ ಮಾತು", ಸೆಪ್ಟೆಂಬರಿನಲ್ಲಿ "ಇವಳ ಮಾತು". ನಿಜವಾಗಿ ಹೇಳಬೇಕೆಂದರೆ ನೂರಾ ನಲವತ್ತರಲ್ಲಿ ನನಗೆ ಚುಚ್ಚಿದ್ದು ಅದೊಂದೇ. ಬಾಕಿಯವರು ಯಾರೋ ಏನೋ. ಇವರು ನನ್ನ ಜೊತೆ ಎರಡು ದಿನ ಮರ್ಯಾದೆಯಿಂದ ಜಗಳ ಆಡಿದ್ದವರು.

ನಗುವಿಗೂ ಒಂದು ಗಾದೆ ಬಂತು. ಅಳೋ ಗಂಡಸನ್ನ ನಂಬಬೇಡ, ನಗೋ ಹೆಂಗಸನ್ನ ನಂಬಬೇಡ ಅಂತ. ಬರೆದವರ ಪ್ರೊಫೈಲ್ ನೋಡಿದೆ, ಹಾಸನದವರೇ. ಮೇಲೆ ದೊಡ್ಡದಾಗಿ ಹಾಸನಾಂಬೆಯ ಫೋಟೋ. ಹಾಸನಾಂಬೆ ಅಂದರೆ ನಗುವ ತಾಯಿ ಅಂತ ನಮ್ಮ ಊರಿನ ಮಕ್ಕಳಿಗೂ ಗೊತ್ತು. ವರ್ಷಕ್ಕೊಮ್ಮೆ ದೀಪಾವಳಿ ಹೊತ್ತಿಗೆ ಬಾಗಿಲು ತೆಗೆದಾಗ ಆ ನಗುವನ್ನು ನೋಡಲು ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತೇವೆ. ಇದನ್ನು ಅವರಿಗೆ ಬರೆಯಬೇಕು ಅಂದುಕೊಂಡೆ. ಬರೆಯಲಿಲ್ಲ. ದೇವರನ್ನು ಎಳೆದು ತಂದಳು ಅಂತ ಇನ್ನೊಂದು ನೂರಾ ನಲವತ್ತು ಬರುತ್ತಿದ್ದವು.

ಆಂಟಿ ಅನ್ನುವ ಪದದ ಮೇಲೆ ನನಗೆ ಸ್ವಲ್ಪ ಹೇಳುವುದಿದೆ. ನಾನು ಚಿಕ್ಕವಳಿದ್ದಾಗ ಅದು ಪೇಟೆ ಮಾತು. ನಮ್ಮೂರಿನಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಅಕ್ಕ ಇದ್ದರು. ಆಂಟಿ ಇರಲಿಲ್ಲ. ಸ್ಕೂಲಿನ ಕ್ವಾರ್ಟರ್ಸಿಗೆ ಮೇಷ್ಟ್ರ ಹೆಂಡತಿ ಬಂದಾಗ ಅವರನ್ನು ಆಂಟಿ ಅನ್ನಿ ಅಂತ ನಮ್ಮಮ್ಮ ಕಲಿಸಿದಳು. ಹೇಳಲು ಒಂಥರಾ ನಾಚಿಕೆ, ಒಂಥರಾ ಜಂಬ. ಅವರು ಬಿಸ್ಕತ್ತು ಕೊಡುತ್ತಿದ್ದರು. ಆ ಪದಕ್ಕೆ ಬಿಸ್ಕತ್ತಿನ ವಾಸನೆ ಇತ್ತು. ಈಗ ಆ ಎರಡಕ್ಷರವನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ನೋಡಿ, ಏನು ಬರುತ್ತದೆ ಅಂತ. ಬೇಡ, ಹುಡುಕಬೇಡಿ. ಅಂಕಲ್ ಅನ್ನೋದಕ್ಕೆ ಮಾತ್ರ ಏನೂ ಆಗಿಲ್ಲ. ಇಬ್ಬರೂ ಒಂದೇ ಬಸ್ಸಿನಲ್ಲಿ ಕನ್ನಡಕ್ಕೆ ಬಂದಿಳಿದವರು. ಅಂಕಲ್ ಇವತ್ತೂ ಅಂಕಲ್ಲೇ, ಹೆಚ್ಚೆಂದರೆ ಹೊಟ್ಟೆ ಬಂದಿದೆ ಅಂತ ನಗುತ್ತಾರೆ.

ಇನ್ನೊಂದು "ಊಟ ಆಯ್ತಾ". ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನೆಲ್ಲ ಕೇಳುತ್ತೇವೆ. ಆಯ್ತು ಅಂದರೂ ಸರಿ, ಇಲ್ಲ ಅಂದರೂ ಸರಿ, ಅದು ಬರೀ ನಮಸ್ಕಾರ. ಅದೇ ಊಟ ಆಯ್ತಾ ರಾತ್ರಿ ಹನ್ನೊಂದಕ್ಕೆ, ಗುರುತಿಲ್ಲದವರಿಂದ, ಇನ್‌ಬಾಕ್ಸಿನಲ್ಲಿ ಬಂದರೆ ಏನು ಮಾಡೋದು? ಪದದಲ್ಲಿ ತಪ್ಪಿಲ್ಲ. ಯಾರಿಗಾದರೂ ತೋರಿಸಿದರೆ "ಊಟ ಆಯ್ತಾ ಅಂತ ತಾನೇ ಕೇಳಿದ್ದು" ಅಂತಾರೆ. ಉತ್ತರ ಕೊಡದಿದ್ದರೆ ಹತ್ತು ನಿಮಿಷಕ್ಕೆ "ಯಾಕೆ ಕೋಪಾನಾ?", ಅರ್ಧ ಗಂಟೆಗೆ "ಬಾರಿ ಜಂಬ ನಿಂಗೆ". ಬೆಳಗಾಗುವಷ್ಟರಲ್ಲಿ ಇಲ್ಲಿ ಬರೆಯಲಾಗದ್ದು. ಊಟದಿಂದ ಅಲ್ಲಿಗೆ ಹೋಗಲು ಒಂದು ರಾತ್ರಿ ಸಾಕು.

ಆಗಿದ್ದಾಗಲಿ ಅಂತ ಮುಖವನ್ನೂ ಹಾಕಿದೆ. ಗಂಬೂಟು, ಹಳೇ ಶರ್ಟು, ತಲೆಗೆ ಟವೆಲ್. ಒಬ್ಬ ಸಭ್ಯರು "ಬೇಲೂರಿನ ಶಿಲಾಬಾಲಿಕೆ ಇದ್ದ ಹಾಗಿದ್ದೀರಿ" ಅಂತ ಬರೆದರು. ಗಂಬೂಟು ಹಾಕಿದ ಶಿಲಾಬಾಲಿಕೆ! ಮಗಳು ಒಂದು ವಾರ ನನ್ನನ್ನು ಹಾಗೇ ಕರೆದಳು. ಬೇಲೂರು ಅಂದರೆ ಎಲ್ಲರಿಗೂ ನೆನಪಾಗುವುದು ಕನ್ನಡಿ ಹಿಡಿದವಳೇ. ಬಿಲ್ಲು ಹಿಡಿದು ಬೇಟೆಗೆ ನಿಂತವಳೂ ಅದೇ ಗೋಡೆಯಲ್ಲಿದ್ದಾಳೆ. ಅವಳ ಹಾಗಿದ್ದೀರಿ ಅಂತ ಯಾರೂ ಹೇಳಿಲ್ಲ ನನಗೆ, ಹೇಳಿದ್ದರೆ ಖುಷಿಯಾಗುತ್ತಿತ್ತು.

ಉತ್ತರ ಕೊಡಲು ಶುರು ಮಾಡಿದ ಮೇಲೆ ಬಿರುದುಗಳು ಬಂದವು. ಬಜಾರಿ, ಗಯ್ಯಾಳಿ, ಗಂಡುಬೀರಿ. ಬಜಾರಿ ಅನ್ನೋದನ್ನು ನಾನು ಒಪ್ಪಿಕೊಳ್ಳುತ್ತೇನೆ. ಅದರೊಳಗೆ ಇರುವುದು ಬಜಾರು. ಮೆಣಸು ಮಾರಲು ಪೇಟೆಗೆ ಹೋಗುವುದು ನಾನೇ, ರೇಟು ಜಗ್ಗಾಡುವುದೂ ನಾನೇ. ಗಂಡಸು ಬಜಾರಿಗೆ ಹೋದರೆ ವ್ಯಾಪಾರಿ.

ಗಂಡಸರು ಗಂಡಸರನ್ನು ಬೈಯುವಾಗಲೂ ಪೆಟ್ಟು ಬೀಳುವುದು ಹೆಂಗಸಿಗೇ. ಅವನ ತಾಯಿಗೆ, ಅಕ್ಕನಿಗೆ, ಹೆಂಡತಿಗೆ. ಇದನ್ನು ದೊಡ್ಡ ಮಾತಾಗಿ ಹೇಳುತ್ತಿಲ್ಲ, ಯಾಕೆಂದರೆ ನಾನೂ ಅದರಲ್ಲಿದ್ದೆ. ತೋಟಕ್ಕೆ ಮಂಗ ನುಗ್ಗಿದಾಗ ನನ್ನ ಬಾಯಲ್ಲಿ ಬರುತ್ತಿದ್ದದ್ದು "ಬೋಳಿಮಗನೇ". ಅಪ್ಪ ಬೈಯುತ್ತಿದ್ದರು, ನಾನೂ ಕಲಿತೆ. ಒಂದು ದಿನ ರಜೆಗೆ ಬಂದ ಮಗ ವರಾಂಡದಲ್ಲಿ ಕಾಫಿ ಕುಡಿಯುತ್ತಾ ಕೇಳಿಸಿಕೊಂಡ. "ಅಮ್ಮಾ, ಲೆಕ್ಕ ಹಾಕಿದ್ರೆ ಅದು ನಾನೇ ಅಲ್ವಾ?" ಅಂದ.

ನನಗೆ ತಕ್ಷಣ ಅರ್ಥವಾಗಲಿಲ್ಲ. ಬೋಳಿ ಅಂದರೆ ತಲೆ ಬೋಳಿಸಿಕೊಂಡವಳು, ಗಂಡ ಸತ್ತವಳು. ಅವಳ ಮಗ. ನಮ್ಮ ಮನೆಗಳಲ್ಲಿ ತಲೆ ಬೋಳಿಸುವ ಪದ್ಧತಿ ಇರಲಿಲ್ಲ, ಬೈಗುಳ ಮಾತ್ರ ಬಂದು ಕೂತಿತ್ತು. ಇಬ್ಬರೂ ನಕ್ಕೆವು. ನಾನು ಒಳಗೆ ಹೋಗಿ ಸುಮಾರು ಹೊತ್ತು ಅಕ್ಕಿ ಆರಿಸಿದೆ. ನಮ್ಮಜ್ಜಿ ನಮ್ಮನ್ನೆಲ್ಲ ಮುದ್ದಿನಿಂದ "ಏನ್ ಮುಂಡೇದೋ, ಊಟ ಬಿಟ್ಟು ಕೂತದೆ" ಅನ್ನುತ್ತಿದ್ದಳು. ಮುಂಡೆ ಅಂದರೂ ಗಂಡ ಸತ್ತವಳೇ. ಅಜ್ಜಿ ಸ್ವತಃ ಮೂವತ್ತಕ್ಕೇ ಗಂಡನನ್ನು ಕಳೆದುಕೊಂಡವಳು. ಅವಳಿಗೆ ಆ ಪದ ಕೇಳಿಸುತ್ತಿತ್ತೋ ಇಲ್ಲವೋ. ಹೆಂಡತಿ ಸತ್ತವನಿಗೆ ವಿಧುರ ಅಂತ ಒಂದು ಪದವಿದೆ, ಅರ್ಜಿಯಲ್ಲಿ ತುಂಬಲು. ಅದರಿಂದ ಒಂದು ಬೈಗುಳವೂ ಹುಟ್ಟಿಲ್ಲ. ಮಂಗಕ್ಕೆ ಈಗ ಏನು ಬೈಯುತ್ತೀರಿ ಅಂತ ಕೇಳಬೇಡಿ. ಪಟಾಕಿ ಹೊಡೆಯುತ್ತೇನೆ.

ಬರೀ ಗುರುತಿಲ್ಲದವರು ಹೀಗೆ ಅಂದುಕೊಂಡಿದ್ದೆ. ನಮ್ಮ ಕಡೆ ಆನೆ ಗ್ರೂಪ್ ಅಂತ ವಾಟ್ಸಾಪಿನಲ್ಲಿ ಇರುತ್ತವೆ. ಆನೆ ಎಲ್ಲಿ ದಾಟಿತು, ಯಾರ ತೋಟದಲ್ಲಿದೆ ಅಂತ ಒಬ್ಬರಿಗೊಬ್ಬರು ತಿಳಿಸಲು. ಇಲ್ಲದಿದ್ದರೆ ಬೆಳಿಗ್ಗೆ ಕೆಲಸಕ್ಕೆ ಹೊರಟವರ ಗತಿ ಏನು? ಒಂದು ರಾತ್ರಿ ಹನ್ನೊಂದರ ಹತ್ತಿರ ನಾಯಿ ಒಂದೇ ಸಮ ಬೊಗಳಿತು. ಟಾರ್ಚ್ ಹಿಡಿದು ಅಂಗಳಕ್ಕೆ ಬಂದರೆ ಗೇಟಿನ ಆಚೆ ಐದು ಆನೆ, ಒಂದು ಮರಿ. ತಕ್ಷಣ ಗ್ರೂಪಿಗೆ ಹಾಕಿದೆ. ಮೊದಲ ಉತ್ತರ: "ಇಷ್ಟೊತ್ತಲ್ಲಿ ಮೇಡಂ ಹೊರಗೆ ಏನ್ ಮಾಡ್ತಿದ್ರು?" ಜೊತೆಗೆ ನಗುವ ಮುಖ ಮೂರು. ಕೆಳಗೆ ಇನ್ನೂ ಎಂಟು ಜನ ನಕ್ಕಿದ್ದರು. ಎಲ್ಲರೂ ನನಗೆ ಗೊತ್ತು. ಇಬ್ಬರು ನಮ್ಮ ಮನೆಯಲ್ಲಿ ಊಟ ಮಾಡಿದವರು. ಆನೆ ಎತ್ತ ಹೋಯಿತು ಅಂತ ಕೇಳಿದ್ದು ಒಬ್ಬ ಹುಡುಗ ಮಾತ್ರ, ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್.

ಆನೆ ಹಿಂಡಿಗೆ ಮುಂದಾಳು ವಯಸ್ಸಾದ ಹೆಣ್ಣಾನೆ. 2024ರಲ್ಲಿ ಚಿಕ್ಕಮಗಳೂರಿನ ಕಡೆ ಓಡಾಡಿದ ಒಂದು ಹಿಂಡಿಗೆ ಅದರ ಮುಂದಾಳಿನ ಹೆಸರಿನಲ್ಲೇ ಬೀಟಮ್ಮನ ಗುಂಪು ಅಂತಿದ್ದರು. ಅವಳೂ ರಾತ್ರಿ ಹನ್ನೊಂದಕ್ಕೇ ಹೊರಡೋದು. ಬೀಟಮ್ಮ ಎಲ್ಲಿಗೆ ಹೊರಟಳು ಅಂತ ನಮ್ಮ ಗಂಡಸರು ಭಯಭಕ್ತಿಯಿಂದ ಕೇಳುತ್ತಿದ್ದರು, ನಗುವ ಮುಖ ಹಾಕದೆ.

ಅದೇ ವರ್ಷ ಏಪ್ರಿಲ್ 26ಕ್ಕೆ ಹಾಸನದಲ್ಲಿ ಲೋಕಸಭೆಯ ಮತದಾನ. ಅದಕ್ಕೆ ಸ್ವಲ್ಪ ಮುಂಚೆ ಹೆಂಗಸರ ಅಶ್ಲೀಲ ವಿಡಿಯೋ ತುಂಬಿದ ಪೆನ್‌ಡ್ರೈವ್‌ಗಳು ಹರಿದಾಡಿದವು. ಎಲ್ಲರಿಗೂ ಗೊತ್ತಿರುವ ವಿಷಯ, ಬಿಡಿಸಿ ಹೇಳಲಾರೆ. ಹೆಂಗಸರ ಮುಖವನ್ನೂ ಮರೆ ಮಾಡದೆ ಹಂಚಿದ್ದರು. ಹಂಚುವುದೇ ಅಪರಾಧ ಅಂತ ತನಿಖಾ ತಂಡವಾದ ಎಸ್‌ಐಟಿ ಎಚ್ಚರಿಕೆ ಕೊಡಬೇಕಾಯಿತು. ನಾನು ಹೇಳುವುದು ಆಗ ಗ್ರೂಪುಗಳಲ್ಲಿ ಕಂಡ ಭಾಷೆಯ ಬಗ್ಗೆ ಮಾತ್ರ. "ಸಿಕ್ತಾ?" "ನಿನ್ನತ್ರ ಎಷ್ಟಿದೆ?" "ಅವಳು ಯಾರು ಗೊತ್ತಾಯ್ತಾ?" ಅವನು ಯಾರು ಅಂತ ಕೇಳುವ ಅಗತ್ಯ ಇರಲಿಲ್ಲ, ಸರಿ. ಆದರೆ ಅವಳು ಯಾರು ಅಂತ ಯಾಕೆ ಬೇಕಿತ್ತು? ಆಗ ಮಗಳು ಬೆಂಗಳೂರಿನಲ್ಲಿ ಇಂಟರ್‌ವ್ಯೂಗೆ ಹೋಗಿದ್ದಳು. ಯಾವೂರು ಅಂತ ಕೇಳಿ ಒಬ್ಬ ಹುಡುಗ ಮುಸಿಮುಸಿ ನಕ್ಕನಂತೆ. ಆಮೇಲೆ ಸ್ವಲ್ಪ ದಿನ ಅವಳು ಸಕಲೇಶಪುರ ಅಂತ ಮಾತ್ರ ಹೇಳುತ್ತಿದ್ದಳು, ಹಾಸನ ಅನ್ನುತ್ತಿರಲಿಲ್ಲ.

2025ರ ಮೇ ತಿಂಗಳಿನಲ್ಲಿ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಅದೇ ಮಗಳು ಫೋನ್ ಮಾಡಿ "ಅಮ್ಮ, ಈಗ ಹಾಸನ ಅಂತ ಹೇಳ್ಬಹುದು" ಅಂದಳು. ಸೆಪ್ಟೆಂಬರಿನಲ್ಲಿ ಅವರು ಮೈಸೂರು ದಸರಾ ಉದ್ಘಾಟಿಸಿದರು. ಅದಕ್ಕೆ ಮುಂಚೆ ನಡೆದ ಗಲಾಟೆಯ ಸರಿ ತಪ್ಪು ಇಲ್ಲಿ ಬೇಡ. ಸುದ್ದಿಯ ತಲೆಬರಹದಲ್ಲಿ "ಅವರು" ಇತ್ತು, ಕೆಳಗಿನ ಕಾಮೆಂಟುಗಳಲ್ಲಿ "ಅವಳು". ಎಪ್ಪತ್ತೇಳು ವರ್ಷದವರಿಗೆ. ಒಪ್ಪದೇ ಇರಲು ಏಕವಚನ ಯಾಕೆ ಬೇಕು ಅಂತ ನನಗೆ ಇವತ್ತಿಗೂ ತಿಳಿಯದು.

ಒಂದು ಸಲ ದೂರು ಕೊಡಲು ಹೋಗಿದ್ದೆ. ಒಬ್ಬ ನನ್ನ ಫೋಟೋವನ್ನು ಕೆಟ್ಟದಾಗಿ ತಿದ್ದಿ ಕಳಿಸಿದ್ದ. ಅಲ್ಲಿದ್ದವರು ಚಹಾ ಕೊಟ್ಟು "ಪೇಜ್ ಯಾಕಮ್ಮ ಬೇಕಿತ್ತು ನಿಮಗೆ, ಈ ವಯಸ್ಸಲ್ಲಿ?" ಅಂದರು. ಮಗಳು ಓದಿಕೊಂಡು ಬಂದಿದ್ದಳು. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತಿಗೂ ಸನ್ನೆಗೂ ಭಾರತೀಯ ನ್ಯಾಯ ಸಂಹಿತೆಯ 79ನೇ ಸೆಕ್ಷನ್ ಇದೆ, ಹಿಂದೆ ಐಪಿಸಿ 509 ಇತ್ತಲ್ಲ ಅದೇ, ಮೂರು ವರ್ಷದವರೆಗೆ ಶಿಕ್ಷೆ ಅಂತ ಹೇಳಿದಳು. ಅವರು ಅವಳನ್ನು ನೋಡಿ "ಲಾ ಓದ್ತಿದ್ಯೇನಮ್ಮಾ?" ಅಂದರು. ಅರ್ಜಿ ತಗೊಂಡರು. ಆ ಖಾತೆ ಕೆಲವು ದಿನದಲ್ಲಿ ಮಾಯವಾಯಿತು. ಅವರು ತೆಗೆಸಿದರೋ ಅವನೇ ತೆಗೆದನೋ, ನನಗೆ ಯಾರೂ ಹೇಳಲಿಲ್ಲ.

ಆಮೇಲೆ ಮಗಳು ಒಂದು ಉಪಾಯ ಹೇಳಿಕೊಟ್ಟಳು. ಪೇಜಿನ ಸೆಟ್ಟಿಂಗಿನಲ್ಲಿ ಬೇಡದ ಪದಗಳ ಪಟ್ಟಿ ಹಾಕಬಹುದು. ಆ ಪದ ಇರುವ ಕಾಮೆಂಟು ತಾನಾಗೇ ಮರೆಯಾಗುತ್ತದೆ. ಬರೆದವನಿಗೂ ಅವನ ಸ್ನೇಹಿತರಿಗೂ ಕಾಣುತ್ತಿರುತ್ತದೆ, ಹಾಗಾಗಿ ಅವನಿಗೆ ಗೊತ್ತೂ ಆಗುವುದಿಲ್ಲ. ಒಂದು ಭಾನುವಾರ ಅಮ್ಮ ಮಗಳು ಕೂತು ಕನ್ನಡದ ಬೈಗುಳಗಳನ್ನೆಲ್ಲ ಪಟ್ಟಿ ಮಾಡಿದೆವು. ಅವಳಿಗೆ ಗೊತ್ತಿಲ್ಲದ್ದು ನನಗೆ, ನನಗೆ ಗೊತ್ತಿಲ್ಲದ್ದು ಅವಳಿಗೆ. ಅಷ್ಟು ನಕ್ಕ ದಿನ ಇನ್ನೊಂದಿಲ್ಲ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರದ್ದೇ ಕಷ್ಟ. ಒಂದು ಪದಕ್ಕೆ ಆರು ಸ್ಪೆಲ್ಲಿಂಗು. ಆಂಟಿಯನ್ನು ಟಿ ಒಂದು ಹಾಕಿ, ಎರಡು ಹಾಕಿ, ಕೊನೆಗೆ ವೈ ಹಾಕಿ, ಐ ಹಾಕಿ, ಎಲ್ಲ ಸೇರಿಸಿದೆವು. ಪೇಜು ಒಂದೇ ದಿನಕ್ಕೆ ತಣ್ಣಗಾಯಿತು.

ಈ ವರ್ಷ ಮಳೆ ಶುರುವಾದ ಮೇಲೆ ಒಂದು ಸಂಜೆ ಕರೆಂಟಿಲ್ಲದೆ ಕೂತಿದ್ದಾಗ, ಮರೆಯಾದ ಕಾಮೆಂಟುಗಳನ್ನು ಸುಮ್ನೆ ತೆಗೆದು ನೋಡಿದೆ. ರಾಶಿ ಬಿದ್ದಿತ್ತು. ನಡುವೆ ಒಂದು, ಮೂರು ವಾರ ಹಿಂದಿನದು. ಆಲೂರು ಕಡೆಯ ಹುಡುಗಿ, ಅಪ್ಪನಿಗೆ ಹುಷಾರಿಲ್ಲ, ತೋಟ ತಾನೇ ನೋಡಿಕೊಳ್ಳುತ್ತಿದ್ದಾಳೆ. "ಆಂಟಿ, ನೀವು ಹೇಳಿದ ಹಾಗೇ ಮಾಡ್ದೆ. ಚಾಕು ಕೆಂಪಾಯ್ತು. ಈಗೇನ್ ಮಾಡ್ಲಿ?" ಎರಡು ದಿನ ಬಿಟ್ಟು ಇನ್ನೊಂದು. "ಆಂಟಿ ಪ್ಲೀಸ್ ಹೇಳಿ, ಮಳೆ ಬರೋ ಹಾಗಿದೆ." ಅದಾದ ಮೇಲೆ ಏನಿಲ್ಲ.

ಸುಣ್ಣ ಹಾಕಮ್ಮ, ಅಲಗು ಕೆಂಪಾಗೋದು ನಿಲ್ಲೋವರೆಗೆ ಸ್ವಲ್ಪ ಸ್ವಲ್ಪ ಹಾಕ್ತಾ ಹೋಗು ಅಂತ ಬರೆದೆ. ಹೊರಗೆ ಮಳೆ ಸುರಿಯುತ್ತಿತ್ತು. ಈಗ ಬರೆದು ಏನು ಪ್ರಯೋಜನ ಅಂತ ನನಗೂ ಗೊತ್ತಿತ್ತು.

ಪಟ್ಟಿಯಿಂದ ಆಂಟಿಯನ್ನು ತೆಗೆದೆ, ಎಲ್ಲ ಸ್ಪೆಲ್ಲಿಂಗನ್ನೂ. ಬೆಳಿಗ್ಗೆ ಎದ್ದಾಗ ಹನ್ನೊಂದು ಆಂಟಿಗಳು ಬಂದಿದ್ದವು. ಒಂಬತ್ತನ್ನು ಅಳಿಸಿದೆ. ಹತ್ತನೆಯದು ಕಾಫಿ ಬೋರರ್ ಹುಳದ ಬಗ್ಗೆ. ಹನ್ನೊಂದನೆಯದು ಆಲೂರಿನಿಂದ. ಐದು ಬಳ್ಳಿ ಹೋಯಿತಂತೆ, ಉಳಿದವು ಇವೆಯಂತೆ.